ಹೊಗೆ ಎಲ್ಲಿಗೆ ಹೋಯ್ತು ಸ್ವಾಮಿ?

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ‘ಗ್ರೀನ್ ವೀಕ್’ ಇತ್ತು. ಕೆಫೆಟೇರಿಯಾ ಬಾಗಿಲಲ್ಲಿ ಒಂದು ಟೇಬಲ್ಲು, ಅದರ ಮೇಲೆ ಕಂದು ಕಾಗದದ ಪುಟ್ಟ ಪೊಟ್ಟಣಗಳು, ಒಳಗೆ ಬಯೋಚಾರ್. ಬಾಲ್ಕನಿ ಗಿಡಕ್ಕೆ ಒಂದು ಹಿಡಿ ಹಾಕಿ, ಭೂಮಿ ಉಳಿಸಿ ಅಂತ ಬರೆದಿತ್ತು. ನಮ್ಮ ಟೀಮಿನವರೆಲ್ಲ ಒಂದೊಂದು ಎತ್ತಿಕೊಂಡರು, ಸೆಲ್ಫಿ ಹೊಡ್ಕೊಂಡರು. ನಾನು ಪೊಟ್ಟಣ ಬಿಚ್ಚಿ ಮೂಸಿ ನೋಡಿದೆ. ಪಕ್ಕದಲ್ಲಿದ್ದ ನಮ್ಮ ಮ್ಯಾನೇಜರು ಮಂಗಳೂರಿನವರು, ‘ಅದು ಕಾಫಿಪುಡಿ ಅಲ್ಲ ಮಾರಾಯ’ ಅಂತ ನಕ್ಕರು.

ಕಾಫಿಪುಡಿ ಅಲ್ಲ ಅಂತ ಗೊತ್ತು. ಆದರೆ ಬಯೋಚಾರ್ ಕಂಡರೆ ಮೂಸಿ ನೋಡೋದು ನನಗೆ ಎರಡು ವರ್ಷದಿಂದ ಅಂಟಿಕೊಂಡಿರುವ ಚಟ. ಅದಕ್ಕೆ ಕಾರಣ ಊರಲ್ಲಿದೆ.

ನಮ್ಮೂರು ಒಡೆಯರಪಾಳ್ಯದ ಪಕ್ಕ, ಹನೂರು ತಾಲ್ಲೂಕು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ನಡುವೆ ನಾವು, ಎಪ್ಪತ್ತರ ದಶಕದಲ್ಲಿ ಬಂದು ನೆಲೆಸಿದ ಟಿಬೆಟಿಯನ್ನರು, ಮತ್ತೆ ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳ. ಕಾಡೊಳಗೆ ಲಂಟಾನ. ನೂರಾರು ವರ್ಷದ ಹಿಂದೆ ಯಾರೋ ಬಿಳಿಯರು ತೋಟದ ಅಂದಕ್ಕೆ ಅಂತ ಭಾರತಕ್ಕೆ ತಂದ ಗಿಡ, ಇವತ್ತು ಹುಲ್ಲನ್ನೂ ಬೆಳೆಯೋಕೆ ಬಿಡಲ್ಲ. (ತರಗು ಬೆಂಕಿ ಹಾಕೋದನ್ನ ಅರಣ್ಯ ಇಲಾಖೆ ನಿಲ್ಲಿಸಿದ ಮೇಲೆ ಲಂಟಾನ ಹೆಚ್ಚಾಯ್ತು ಅಂತ ಸೋಲಿಗರು ಮೊದಲಿಂದ ಹೇಳ್ತಾನೇ ಬಂದಿದ್ದಾರೆ. ಅದು ಬೇರೆಯೇ ಜಗಳ, ಇನ್ನೊಂದಿನ ಬರೀತೀನಿ.) ಜೋಳದ ಬೆಂಡು, ಲಂಟಾನದ ಕಡ್ಡಿ, ರೇಷ್ಮೆ ಮನೆಯಲ್ಲಿ ಉಳಿಯುವ ಹಿಪ್ಪುನೇರಳೆ ಕಡ್ಡಿ: ಬಯೋಚಾರ್ ಮಾಡೋರಿಗೆ ನಮ್ಮ ಸೀಮೆ ಅಂದ್ರೆ ತವರುಮನೆ.

ಎರಡು ವರ್ಷದ ಹಿಂದೆ ಒಂದು ತಂಡ ಬಂತು. ಹೆಸರು ಬೇಡ. ಒಳ್ಳೇ ಹುಡುಗರೇ, ನನ್ನ ಹಾಗೆ ಬಿಇ ಮಾಡಿದೋರೇ. ಒಂದು ಹಳೇ ಎಣ್ಣೆ ಡ್ರಮ್ಮು ಕೊಟ್ಟರು, ಅರ್ಧ ದಿನ ತರಬೇತಿ ಕೊಟ್ಟರು, ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ಕಡ್ಡಿ ತುಂಬಿದಾಗ ಒಂದು ಫೋಟೋ, ಬೆಂಕಿ ಹಚ್ಚಿದಾಗ ಒಂದು, ಇದ್ದಿಲು ಚೀಲಕ್ಕೆ ತುಂಬಿದಾಗ ಒಂದು. ಚೀಲಕ್ಕೆ ಇಷ್ಟು ಅಂತ ದುಡ್ಡು. ಇದ್ದಿಲು ಮಾತ್ರ ನಮ್ಮ ಹೊಲಕ್ಕೇ ಹಾಕಬೇಕು. ನಮ್ಮ ಚಿಕ್ಕಪ್ಪ ಸೇರಿಕೊಂಡ. ಆಗ ಮುಂಗಾರು. ಕಡ್ಡಿ ಹಸಿ, ಮಳೆ ಬೇರೆ. ಉರಿ ಸರಿಯಾಗಿ ಏಳ್ತಿರಲಿಲ್ಲ. ಹೊಗೆ ಊರೆಲ್ಲ ತುಂಬುತ್ತೆ ಅಂತ ಬೇಗ ಮುಚ್ಚಳ ಹಾಕಿ, ಸುತ್ತ ಹಸಿ ಮಣ್ಣು ಮೆತ್ತಿ ಬಿಡ್ತಿದ್ರು. ಮಾರನೇ ದಿನ ತೆಗೆದರೆ ಕಪ್ಪಗೆ ಇದ್ದಿಲು. ಫೋಟೋದಲ್ಲಿ ಚೆನ್ನಾಗೇ ಕಾಣ್ತಿತ್ತು.

ಅದನ್ನ ಚಿಕ್ಕಪ್ಪ ಮೆಣಸಿನಕಾಯಿ ಒಟ್ಲಿಗೆ ಬೆರೆಸಿದ. ಪುಣ್ಯಕ್ಕೆ ಅರ್ಧ ಪಾತಿಗೆ ಮಾತ್ರ. ಆ ಅರ್ಧದಲ್ಲಿ ಪೈರು ಏಳಲೇ ಇಲ್ಲ. ನಾನು ಊರಿಗೆ ಹೋದಾಗ ಕೈಗೆ ಒಂದು ಹಿಡಿ ಇದ್ದಿಲು ಕೊಟ್ಟ. ‘ಮೂಸ್ ನೋಡು ಮೊಗ. ಇದು ಇದ್ಲಲ್ಲ ಕನಾ, ಟಾರು ಮೆತ್ಕಂಡಿರ ಕಡ್ಡಿ. ಒಂದು ಬೀಜನೂ ಹುಟ್ನಿಲ್ಲ.’

ನಾನು ಮೂಸಿದೆ. ಅಜ್ಜಿಯ ಸೀರೆ ಟ್ರಂಕು ನೆನಪಾಯ್ತು. ನುಸಿಗುಳಿಗೆ ವಾಸನೆ, ಮೇಲೆ ಟಾರಿನ ಕಮಟು.

ಒಂದು ಒಟ್ಲು ಸಾಕ್ಷಿ ಆಗಲ್ಲ, ನನಗೂ ಗೊತ್ತು. ಇದ್ದಿಲಿನಲ್ಲಿ ಬೂದಿ ಇರುತ್ತೆ, ಕ್ಷಾರ ಜಾಸ್ತಿ ಆದ್ರೂ ಬೀಜ ಹುಟ್ಟಲ್ಲ. ಅದಕ್ಕೇ ಎರಡು ಟಿಫನ್ ಡಬ್ಬಿ ತಗೊಂಡೆ. ಎರಡರಲ್ಲೂ ಒದ್ದೆ ಬಟ್ಟೆ ಹಾಸಿ ರಾಗಿ ಹರಡಿದೆ. ಒಂದರ ಮೂಲೆಯಲ್ಲಿ ಚಿಕ್ಕ ಬಟ್ಟಲಲ್ಲಿ ಡ್ರಮ್ಮಿನ ಇದ್ದಿಲು, ಇನ್ನೊಂದರಲ್ಲಿ ಅಡುಗೆ ಒಲೆಯ ಇದ್ದಿಲು. ಬೀಜಕ್ಕೆ ಇದ್ದಿಲು ತಾಗಬಾರದು, ಅದರ ಗಾಳಿ ಮಾತ್ರ ತಾಗಬೇಕು. ಮುಚ್ಚಳ ಹಾಕಿಟ್ಟೆ. ಮೂರನೇ ದಿನಕ್ಕೆ ಒಲೆ ಇದ್ದಿಲಿನ ಡಬ್ಬಿಯಲ್ಲಿ ಬಿಳೀ ಮೊಳಕೆ ಹುಲ್ಲುಹಾಸಿನ ಥರ ಎದ್ದಿತ್ತು. ಇನ್ನೊಂದರಲ್ಲಿ ಹುಡುಕಿ ಎಣಿಸಬೇಕು ಹಂಗಿತ್ತು. ಕ್ಷಾರ ಗಾಳಿಯಲ್ಲಿ ಹಾರಿ ಬರಲ್ಲ.

ಈ ಐಡಿಯಾ ನಂದಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರಾ ವಿಶ್ವವಿದ್ಯಾಲಯದಲ್ಲಿ ವುಲ್ಫ್‌ರಾಮ್ ಬುಸ್ ಮತ್ತು ಒಂದ್ರೆಯ್ ಮಾಶೆಕ್ ಅನ್ನೋ ಇಬ್ಬರು 2014ರಲ್ಲಿ ಇಂಥದ್ದನ್ನೇ ಸರಿಯಾಗಿ, ಲ್ಯಾಬಿನಲ್ಲಿ ಮಾಡಿ ಬರೆದಿದ್ದಾರೆ. ಅವರ ಲೇಖನ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಒಂದೇ ಮರದ ಕಚ್ಚಾವಸ್ತು, ಒಂದೇ ಯಂತ್ರ, ಒಂದೇ ಉಷ್ಣತೆ. ಆದರೂ ಎರಡು ಬ್ಯಾಚು ಬೇರೆ ಬೇರೆ. ಒಂದು ಬೀಜಕ್ಕೆ ಏನೂ ಮಾಡಲಿಲ್ಲ, ಇನ್ನೊಂದು ಬರೀ ಗಾಳಿಯಿಂದಲೇ ಮೊಳಕೆ ಕೊಂದಿತು. ವ್ಯತ್ಯಾಸ ಇಷ್ಟೇ: ಕೆಟ್ಟ ಬ್ಯಾಚಿನಲ್ಲಿ ಹೊಗೆ ಹೊರಗೆ ಹೋಗದೆ ತಣ್ಣಗಾಗಿ ವಾಪಸ್ ಇದ್ದಿಲಿನ ಮೇಲೇ ಕೂತಿತ್ತು.

ಇಡೀ ವಿಷಯ ಇದರಲ್ಲೇ ಇದೆ. ಕಟ್ಟಿಗೆಯನ್ನ ಗಾಳಿ ಕಮ್ಮಿ ಕೊಟ್ಟು ಸುಟ್ಟಾಗ ಅದು ಒಡೆದು ಎರಡಾಗುತ್ತೆ. ಒಂದು ಪಾಲು ಇದ್ದಿಲು, ಇನ್ನೊಂದು ಪಾಲು ಹೊಗೆ. ಆ ಹೊಗೆಯಲ್ಲಿ ಟಾರು, ಫೀನಾಲು, ಅಸಿಟಿಕ್ ಆಮ್ಲ, ಮತ್ತೆ ಪಿಎಎಚ್ ಅನ್ನೋ ಒಂದು ದೊಡ್ಡ ಕುಟುಂಬ ಇರುತ್ತೆ. ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ ಅಂತ ಪೂರ್ತಿ ಹೆಸರು. ಬೆಂಜೀನ್ ಉಂಗುರಗಳು ಜೇನುಗೂಡಿನ ಥರ ಅಂಟಿಕೊಂಡಿರೋ ಅಣುಗಳು. ಎರಡು ಉಂಗುರ ಇದ್ದರೆ ನಾಫ್ತಲೀನ್, ಅದೇ ನಮ್ಮ ನುಸಿಗುಳಿಗೆ. ಬಯೋಚಾರಿನಲ್ಲಿ ಸಾಮಾನ್ಯವಾಗಿ ಹೆಚ್ಚು ಸಿಗೋದೂ ಇವನೇ. ಐದು ಉಂಗುರದ ಬೆಂಜೊ-ಎ-ಪೈರೀನ್ ಅನ್ನೋನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಮೊದಲನೇ ಗುಂಪಿನಲ್ಲಿದ್ದಾನೆ. ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರೋದು ಖಾತ್ರಿ ಅಂತ. ನುಸಿಗುಳಿಗೆಯವನು ವಾಸನೆಯಿಂದ ಸಿಕ್ಕಿಬೀಳ್ತಾನೆ. ಐದು ಉಂಗುರದವನಿಗೆ ವಾಸನೆ ಇಲ್ಲ. ಆದ್ದರಿಂದ ನನ್ನ ಮೂಗು ಬೆಲ್ಲು ಹೊಡೆಯಬಹುದೇ ಹೊರತು ಸರ್ಟಿಫಿಕೇಟು ಕೊಡಕ್ಕಾಗಲ್ಲ.

ಎಷ್ಟು ಡಿಗ್ರಿಯಲ್ಲಿ ಸುಟ್ರಿ ಅಂತ ಎಲ್ಲರೂ ಕೇಳ್ತಾರೆ. ಕೇಳಬೇಕಾದ್ದೇ. ಕಮ್ಮಿ ಶಾಖದಲ್ಲಿ ಅರೆಬೆಂದ ಕಡ್ಡಿಯಲ್ಲಿ ಟಾರು ಉಳಿಯುತ್ತೆ. ಶಾಖ ಏರಿದ ಹಾಗೆ ಹೊಗೆಯಲ್ಲಿರೋ ಚೂರುಗಳೇ ಒಂದಕ್ಕೊಂದು ಅಂಟಿ ಹೊಸ ಪಿಎಎಚ್ ಹುಟ್ಟುತ್ತೆ. ಎರಡೂ ಕಡೆ ತೊಂದರೆ ಇದೆ. ಹೊಗೆ ಹುಟ್ಟಿದ ಕೂಡಲೇ ಹೊರಗೆ ಹೋಯ್ತಾ, ಮೇಲೆ ಉರಿಯಲ್ಲಿ ಸುಟ್ಟುಹೋಯ್ತಾ, ಅಥವಾ ತಣ್ಣನೆ ಮೂಲೆಯಲ್ಲಿ ನಿಂತು ಇದ್ದಿಲಿಗೆ ಮೆತ್ತಿಕೊಳ್ತಾ ಅನ್ನೋದೇ ಕೊನೆಗೆ ತೀರ್ಮಾನ ಮಾಡುತ್ತೆ. ಇದ್ದಿಲು ಅಂದ್ರೆ ಸ್ಪಂಜು, ಏನು ಕೊಟ್ಟರೂ ಹೀರುತ್ತೆ. ನೀರು, ಗೊಬ್ಬರ ಹಿಡಿದಿಟ್ಟುಕೊಳ್ಳೋ ಅದರ ಒಳ್ಳೇ ಗುಣ ಇದೆಯಲ್ಲ, ಅದೇ ಗುಣ ಹೊಗೆಯನ್ನೂ ಹಿಡಿದಿಡುತ್ತೆ. ನಮ್ಮ ಚಿಕ್ಕಪ್ಪನ ಡ್ರಮ್ಮಿಗೆ ಹಸಿಕಡ್ಡಿ ತುಂಬಿ, ಮುಚ್ಚಳ ಹಾಕಿ, ಮಣ್ಣು ಮೆತ್ತಿ, ರಾತ್ರಿಯೆಲ್ಲ ತಣ್ಣಗಾಗೋಕೆ ಬಿಟ್ಟಿದ್ದು ಅಂದ್ರೆ ಹೊಗೆಯನ್ನ ಉಪ್ಪಿನಕಾಯಿ ಹಾಕಿದ ಹಾಗೆ.

ಸಾರಾ ಹೇಲ್ ಮತ್ತು ಸಂಗಡಿಗರು 2012ರಲ್ಲಿ ಐವತ್ತಕ್ಕೂ ಹೆಚ್ಚು ಬಯೋಚಾರುಗಳನ್ನ ಅಳೆದರು. ನಿಧಾನವಾಗಿ ಬೇಯಿಸಿದವುಗಳಲ್ಲಿ ಪಿಎಎಚ್ ಕೆಜಿಗೆ 0.07ರಿಂದ 3.27 ಮಿಲಿಗ್ರಾಂ. ಅನಿಲೀಕರಣದ ಒಂದು ಮಾದರಿಯಲ್ಲಿ 45. ಕೆಳಗಿನ ತುದಿಗೂ ಮೇಲಿನ ತುದಿಗೂ ಆರುನೂರು ಪಟ್ಟು ಅಂತರ. ಎರಡಕ್ಕೂ ಹೆಸರು ಒಂದೇ, ಬಯೋಚಾರ್. ಅದೇ ಅಧ್ಯಯನದಲ್ಲಿ ಡೈಆಕ್ಸಿನ್ ತೀರಾ ಕಮ್ಮಿ ಇತ್ತು, ಮಣ್ಣಿನ ನೀರಿಗೆ ಬಿಟ್ಟುಕೊಡೋ ಪಿಎಎಚ್ ಕೂಡ ಕಮ್ಮಿಯೇ ಇತ್ತು. ನಾನು ಹೆದರಿಸೋಕೆ ಬರೀತಿಲ್ಲ. ಚೆನ್ನಾಗಿ ಮಾಡಿದ ಬಯೋಚಾರ್ ಒಳ್ಳೇ ಪದಾರ್ಥ. ನನ್ನ ಜಗಳ ಆ ಒಂದು ಹೆಸರಿನ ಜೊತೆ. ‘ಎಣ್ಣೆ’ ಅಂತ ಬರೆದು ಕೊಬ್ಬರಿ ಎಣ್ಣೆ, ಗ್ರೀಸು ಎರಡನ್ನೂ ಒಂದೇ ಶೀಸೆಯಲ್ಲಿ ಮಾರಿದ ಹಾಗಿದೆ.

ಇನ್ನು ಲೋಹದ ಕಥೆ. ಅದಕ್ಕೆ ಹೊಗೆಯಾಗಿ ಓಡಿಹೋಗೋ ದಾರಿಯೂ ಇಲ್ಲ. ಪಾದರಸ ಹಾರಿಹೋಗುತ್ತೆ, ಕ್ಯಾಡ್ಮಿಯಂ ಸ್ವಲ್ಪ ಹಾರುತ್ತೆ. ಸೀಸ, ತಾಮ್ರ, ಕ್ರೋಮಿಯಂ ಎಲ್ಲ ಕೂತಲ್ಲೇ ಕೂರುತ್ತವೆ. ನೂರು ಕೆಜಿ ಒಣಕಡ್ಡಿ ಮೂವತ್ತು ಕೆಜಿ ಇದ್ದಿಲಾದರೆ ಲೋಹದ ಸಾಂದ್ರತೆ ಮೂರು ಪಟ್ಟಿಗೂ ಮೇಲೆ. ಕಾಡಿನ ಲಂಟಾನದಲ್ಲಿ ಇದು ದೊಡ್ಡ ವಿಷಯ ಆಗಲಿಕ್ಕಿಲ್ಲ. ಬಣ್ಣ ಹೊಡೆದ ಹಳೇ ಬಾಗಿಲು, ಪ್ಲೈವುಡ್ಡು, ಚರಂಡಿ ಕೆಸರು ಡ್ರಮ್ಮಿಗೆ ಬಿದ್ದರೆ ದೊಡ್ಡ ವಿಷಯವೇ. ಹಾಗೇ ಕ್ಲೋರಿನ್. ಪಿವಿಸಿ ಪೈಪಿನ ತುಂಡು ಕಸದ ಜೊತೆ ಸೇರಿದರೆ ಡೈಆಕ್ಸಿನ್‌ಗೆ ಬೇಕಾದ ಸಾಮಾನು ನೀವೇ ಒದಗಿಸಿದ ಹಾಗೆ. ನಮ್ಮ ಕಡೆ ರೇಷ್ಮೆ ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ಹಾಕೋದು ಮಾಮೂಲು. ಆ ಪುಡಿ ಬಿದ್ದ ಕಡ್ಡಿಯನ್ನ ಬೇರೆ ಇಡಿ ಅಂತ ಆ ಅರ್ಧ ದಿನದ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಆ್ಯಪ್ ಕೂಡ ಕೇಳಿರಲಿಲ್ಲ.

ಅದು ಕೇಳಿದ್ದು ಒಂದನ್ನೇ: ಎಷ್ಟು ಕೆಜಿ?

ಯಾಕಂದ್ರೆ ದುಡ್ಡು ಬರೋದು ಇಂಗಾಲದ ಟನ್ನಿಗೆ. 2025ರ ಜನವರಿಯಲ್ಲಿ ಗೂಗಲ್ ಕಂಪನಿ ಭಾರತದ ವರಾಹ ಅನ್ನೋ ಸಂಸ್ಥೆಯಿಂದ 2030ರ ಒಳಗೆ ಬಯೋಚಾರ್ ಮೂಲಕ ಒಂದು ಲಕ್ಷ ಟನ್ ಇಂಗಾಲದ ಕ್ರೆಡಿಟ್ ಕೊಳ್ಳೋ ಒಪ್ಪಂದ ಮಾಡಿಕೊಳ್ತು. ನಮ್ಮ ಆಫೀಸಿನ ಸ್ಲ್ಯಾಕ್ ಚಾನೆಲ್ಲಿನಲ್ಲಿ ಅವತ್ತು ಚಪ್ಪಾಳೆ ಇಮೋಜಿಗಳ ಮಳೆ. ನಾನೂ ಒಂದು ಒತ್ತಿದೆ, ಸುಳ್ಳು ಯಾಕೆ ಹೇಳಲಿ. ಇಷ್ಟು ದೊಡ್ಡ ಕೊಳ್ಳುವವರು ಬಂದರೆ ಒಳ್ಳೇ ಯಂತ್ರ, ಒಳ್ಳೇ ಪರೀಕ್ಷೆ ಬರೋ ಸಾಧ್ಯತೆ ಹೆಚ್ಚು. ಆದರೆ ಮಾರುಕಟ್ಟೆ ಬಿಸಿಯಾದಾಗ ಅದರ ನೆರಳಿನಲ್ಲಿ ಡ್ರಮ್ಮು ಹೊತ್ತುಕೊಂಡು ಬರೋರೂ ಹುಟ್ಟಿಕೊಳ್ತಾರೆ. ಇಂಗಾಲದ ಲೆಕ್ಕದಲ್ಲಿ ಮುಖ್ಯವಾದ ಪರೀಕ್ಷೆ ಹೈಡ್ರೊಜನ್-ಇಂಗಾಲದ ಅನುಪಾತ, ಅಂದ್ರೆ ಈ ಇದ್ದಿಲು ಎಷ್ಟು ಕಾಲ ಬಾಳುತ್ತೆ ಅನ್ನೋದರ ಅಂದಾಜು. ಹೊಗೆ ಮೆತ್ತಿಕೊಂಡಿದೆಯಾ ಇಲ್ಲವಾ ಅಂತ ಆ ಅನುಪಾತ ಹೇಳಲ್ಲ. ವಿಷ ಮೆತ್ತಿದ ಇದ್ದಿಲಿನಲ್ಲೂ ಇಂಗಾಲ ಇಂಗಾಲವೇ.

ಯುರೋಪಿನವರಿಗೆ ಇದು ಅರ್ಥವಾಗಿ ಸುಮಾರು ಕಾಲ ಆಯ್ತು. 2012ರಿಂದಲೇ ಅವರ ಯುರೋಪಿಯನ್ ಬಯೋಚಾರ್ ಸರ್ಟಿಫಿಕೇಟ್ ಇದೆ. ಕೃಷಿಗೆ ಬಳಸೋ ಬಯೋಚಾರಿನಲ್ಲಿ ಹದಿನಾರು ಪಿಎಎಚ್‌ಗಳ ಮೊತ್ತ ಕೆಜಿಗೆ 6 ಮಿಲಿಗ್ರಾಂ ದಾಟಬಾರದು, ಸಾವಯವ ಕೃಷಿಗಾದರೆ 4. ಇಂಟರ್‌ನ್ಯಾಷನಲ್ ಬಯೋಚಾರ್ ಇನಿಷಿಯೇಟಿವ್ ಮಾನದಂಡದಲ್ಲಿ ಮಿತಿಯೇ 6ರಿಂದ 300ರವರೆಗೆ ಹಿಗ್ಗುತ್ತೆ. ಲೆಕ್ಕ ಹಾಕಿ ನೋಡಿ. ಎಕರೆಗೆ ನಾಲ್ಕು ಟನ್ ಹಾಕಿದರೆ, ಕೆಜಿಗೆ 6 ಮಿಲಿಗ್ರಾಂ ಅಂದ್ರೆ ಹೊಲಕ್ಕೆ 24 ಗ್ರಾಂ ಪಿಎಎಚ್. 300 ಅಂದ್ರೆ 1.2 ಕೆಜಿ. ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸಿಟಿ ಕಾಂಪೋಸ್ಟಿಗೆ ಲೋಹಗಳ ಮಿತಿ ಇದೆ: ಕೆಜಿಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ಪಾದರಸ 0.15. ಕಾಂಪೋಸ್ಟು ಬೆಂಕಿ ಕಾಣದ ಪದಾರ್ಥ, ಆದ್ದರಿಂದ ಆ ಪಟ್ಟಿಯಲ್ಲಿ ಪಿಎಎಚ್ ಇಲ್ಲ. ಬೆಂಕಿಯಲ್ಲೇ ಹುಟ್ಟೋ ಪದಾರ್ಥವನ್ನ ಅದೇ ತಕ್ಕಡಿಯಲ್ಲಿ ತೂಗಿ ‘ಲೋಹ ಎಲ್ಲ ಮಿತಿಯಲ್ಲಿದೆ ಸಾರ್’ ಅಂದ್ರೆ ಸಾಲದು.

ನಮ್ಮ ಕಸುಬಿನಲ್ಲಿ ಪ್ರೊಡಕ್ಷನ್ ಅನ್ನೋ ಪದಕ್ಕೆ ಒಂದು ಭಯ ಇದೆ. ಟೆಸ್ಟ್ ಆಗದ ಕೋಡನ್ನ ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ತಳ್ಳಿದೋನ ಗತಿ ನಿಮಗೂ ಗೊತ್ತು. ಆದರೂ ನಮಗೆ ರೋಲ್‌ಬ್ಯಾಕ್ ಇದೆ. ರಾತ್ರಿ ಹನ್ನೆರಡಕ್ಕೆ ಎದ್ದು ಹಳೇ ವರ್ಷನ್ ಹಾಕ್ತೀವಿ, ಬೆಳಗ್ಗೆ ಕ್ಷಮೆ ಕೇಳ್ತೀವಿ. ಹೊಲಕ್ಕೆ ಹಾಕಿದ ಇದ್ದಿಲನ್ನ ಜರಡಿ ಹಿಡಿದು ವಾಪಸ್ ತೆಗೆಯೋಕಾಗುತ್ತಾ? ‘ನೂರಾರು ವರ್ಷ ಮಣ್ಣಲ್ಲೇ ಇರುತ್ತೆ’ ಅನ್ನೋದೇ ಬಯೋಚಾರ್ ಮಾರೋರ ಮೊದಲ ಸ್ಲೈಡು. ಸರಿ, ಒಪ್ಪಿದೆ. ನೂರಾರು ವರ್ಷ ಇರೋ ಪದಾರ್ಥಕ್ಕೆ ಅರ್ಧ ದಿನದ ತರಬೇತಿ, ಮೂರು ಫೋಟೋ ಸಾಕಾ?

ಇದನ್ನ ಹೇಳಿದಾಗೆಲ್ಲ ಬರೋ ಉತ್ತರ ಒಂದು ಇದೆ. ‘ನಿಮ್ಮ ತಾತಂದಿರು ಒಲೆ ಬೂದಿ, ಇದ್ದಿಲು ಎಲ್ಲ ತಿಪ್ಪೆಗೆ ಹಾಕ್ತಿರಲಿಲ್ವಾ? ಅದು ಸಾವಯವ ಅಲ್ವಾ?’ ಹಾಕ್ತಿದ್ರು. ದಿನಕ್ಕೆ ಒಂದು ಮೊರ. ತೆರೆದ ಒಲೆಯಲ್ಲಿ ಹೊಗೆ ಎಲ್ಲಾ ಅಜ್ಜಿಯ ಕಣ್ಣಿಗೆ, ಶ್ವಾಸಕೋಶಕ್ಕೆ ಹೋಗ್ತಿತ್ತು, ಇದ್ದಿಲಿಗೆ ಉಳೀತಿದ್ದದ್ದು ಕಮ್ಮಿ. ತಿಪ್ಪೆಯಲ್ಲಿ ಅದು ತಿಂಗಳುಗಟ್ಟಲೆ ಸಗಣಿ ಜೊತೆ ಕೊಳೆತು ಹೊಲಕ್ಕೆ ಹೋಗ್ತಿತ್ತು. ಟನ್ನುಗಟ್ಟಲೆ ಹಸಿ ಇದ್ದಿಲನ್ನ ಒಂದೇ ಸಲ ಎರಚಿದ ತಾತ ನಮ್ಮೂರಲ್ಲಿ ಯಾರೂ ಇರಲಿಲ್ಲ. ತಾತನ ಹೆಸರು ಹೇಳಿ ನಮ್ಮ ಅವಸರವನ್ನ ಮುಚ್ಚಿಕೊಳ್ಳೋದು ಬೇಡ.

ಇನ್ನೊಂದು ಉತ್ತರ ಕೊಂಚ ಗಟ್ಟಿ. ಇಷ್ಟೆಲ್ಲ ಪರೀಕ್ಷೆ ಕೇಳಿದರೆ ಬಡ ರೈತ, ಸೋಲಿಗರು ಈ ದುಡ್ಡಿನಿಂದ ಹೊರಗೆ ಉಳೀತಾರೆ, ದೊಡ್ಡ ರಿಯಾಕ್ಟರ್ ಇರೋ ಕಂಪನಿಗಳು ಮಾತ್ರ ಉಳೀತವೆ ಅಂತ. ಇದು ನನಗೂ ಚುಚ್ಚುತ್ತೆ. ಆದರೆ ಒಳ್ಳೇ ಇದ್ದಿಲಿಗೆ ದುಬಾರಿ ಯಂತ್ರ ಬೇಕೇ ಬೇಕು ಅಂತಿಲ್ಲ. ಸ್ವಿಟ್ಜರ್‌ಲೆಂಡಿನ ಇಥಾಕಾ ಸಂಸ್ಥೆಯ ಹನ್ಸ್-ಪೀಟರ್ ಶ್ಮಿಟ್ ಮತ್ತು ಗೆಳೆಯರು ರೂಪಿಸಿದ ಕೊನ್-ಟಿಕಿ ಅನ್ನೋ ಒಲೆ ನೋಡಿ. ಬಾಯಿ ಅಗಲ, ತಳ ಕಿರಿದು, ಮುಚ್ಚಳವೇ ಇಲ್ಲ. ನೆಲದಲ್ಲಿ ಅದೇ ಆಕಾರದ ಗುಂಡಿ ತೋಡಿದರೂ ಆಯ್ತು. ಒಣಕಡ್ಡಿಯನ್ನ ತೆಳ್ಳಗೆ ಪದರ ಪದರವಾಗಿ ಹಾಕ್ತಾ ಹೋಗಬೇಕು. ಮೇಲೆ ಯಾವಾಗಲೂ ಜ್ವಾಲೆ ಇರಬೇಕು. ಕೆಳಗಿಂದ ಏಳೋ ಹೊಗೆ ಆ ಜ್ವಾಲೆಯನ್ನ ದಾಟಿಯೇ ಹೋಗಬೇಕು, ದಾಟುವಾಗ ಸುಟ್ಟುಹೋಗುತ್ತೆ. ಕೊನೆಗೆ ನೀರು ಹಾಕಿ ಆರಿಸಬೇಕು. ನೇಪಾಳದಲ್ಲಿ ಗೆರಾರ್ಡ್ ಕಾರ್ನೆಲಿಸನ್ ತಂಡ ಇಂಥ ಒಲೆಗಳ ಹೊಗೆ, ಇದ್ದಿಲು ಎರಡನ್ನೂ ಅಳೆದು 2016ರಲ್ಲಿ ಪ್ರಕಟಿಸಿತು, ಪಿಎಎಚ್ ಕಮ್ಮಿಯೇ ಇತ್ತು. ಇಲ್ಲಿ ಖರ್ಚಾಗೋದು ಕಬ್ಬಿಣ ಅಲ್ಲ, ಸಮಯ. ಕಡ್ಡಿ ಒಣಗೋವರೆಗೂ ಕಾಯಬೇಕು. ಒಲೆ ಪಕ್ಕ ಗಂಟೆಗಟ್ಟಲೆ ನಿಂತು, ಬೂದಿ ಬಿಳಿ ಕಾಣೋ ಹೊತ್ತಿಗೆ ಮುಂದಿನ ಪದರ ಹಾಕಬೇಕು. ಚೀಲಕ್ಕೆ ಇಷ್ಟು ಅಂತ ದುಡ್ಡು ಕೊಟ್ಟರೆ ಮಳೆಗಾಲದಲ್ಲೂ ಹಸಿಕಡ್ಡಿ ತುಂಬಿ ಮುಚ್ಚಳ ಹಾಕ್ತಾರೆ. ತಪ್ಪು ಚಿಕ್ಕಪ್ಪಂದಲ್ಲ, ಹಾಗೆ ಲೆಕ್ಕ ಕಟ್ಟಿದವರದ್ದು. ಒಣಕಡ್ಡಿಗೆ, ನಿಂತು ಸುಟ್ಟ ಕೂಲಿಗೆ, ಬ್ಯಾಚಿನ ಪರೀಕ್ಷೆಗೆ ದುಡ್ಡು ಕಟ್ಟಿ. ಪರೀಕ್ಷೆಯ ಖರ್ಚು ಕ್ರೆಡಿಟ್ ಕೊಳ್ಳೋರ ಜೇಬಿನಿಂದ ಬರಲಿ, ರಿಪೋರ್ಟು ಕನ್ನಡದಲ್ಲಿ ರೈತನ ಕೈಗೆ ಬರಲಿ, ಇದ್ದಿಲು ಹೊಲಕ್ಕೆ ಬೀಳೋ ಮೊದಲು ಬರಲಿ. ಅಮೆರಿಕದಲ್ಲಿ ವಿಮಾನ ಹತ್ತೋರ ಪಾಪ ಕಳೆಯೋಕೆ ನಮ್ಮ ಹೊಲ ಬೇಕು ಅಂದ್ರೆ, ಅಷ್ಟು ಮಾಡೋದು ದೊಡ್ಡದಲ್ಲ.

ಹೊಗೆ ಇದ್ದಿಲಿಗೆ ಮೆತ್ತದಿದ್ದರೆ ಇನ್ನೆಲ್ಲಿಗೋ ಹೋಗಿರುತ್ತೆ ಅನ್ನೋದನ್ನೂ ಮರೀಬೇಡಿ. ಜ್ವಾಲೆ ಸತ್ತ ಒಲೆಯ ಪಕ್ಕ ಕಡ್ಡಿ ಹಾಕ್ತಾ ನಿಂತಿರೋ ಹೆಂಗಸಿನ ಎದೆಗೆ ಹೋಗಿರುತ್ತೆ. ಕಾರ್ಬನ್ ಆ್ಯಪಿನ ಫೋಟೋದಲ್ಲಿ ಅವಳ ಕೈ ಮಾತ್ರ ಕಾಣುತ್ತೆ.

ಆಫೀಸಿನ ಪೊಟ್ಟಣದ ವಿಷಯಕ್ಕೆ ಬರ್ತೀನಿ. ಅದರಲ್ಲಿ ವಾಸನೆ ಏನೂ ಇರಲಿಲ್ಲ, ಚೆನ್ನಾಗೇ ಇತ್ತು. ಹಿಂದೆ ತಿರುಗಿಸಿ ನೋಡಿದೆ. ಇಷ್ಟು ಗ್ರಾಂ ಇಂಗಾಲ ಉಳಿಸಿದ್ದೀರಿ ಅಂತ ಇತ್ತು. ಯಾವ ಕಚ್ಚಾವಸ್ತು, ಯಾವ ಒಲೆ, ಯಾವ ಬ್ಯಾಚು, ಪಿಎಎಚ್ ಎಷ್ಟು, ಒಂದೂ ಇರಲಿಲ್ಲ. ಹತ್ತು ರೂಪಾಯಿ ಬಿಸ್ಕತ್ತಿನ ಪ್ಯಾಕೆಟ್ಟಿನ ಮೇಲೆ ಬ್ಯಾಚ್ ನಂಬರ್ ಇರುತ್ತಲ್ರೀ. ಟೇಬಲ್ ಹತ್ತಿರ ಇದ್ದ ಹುಡುಗಿಗೆ ಕೇಳಿದೆ. ಅವಳು ಪಾಪ, ‘ಸರ್, ಇಟ್ಸ್ ಆರ್ಗ್ಯಾನಿಕ್’ ಅಂದಳು. ನಾಫ್ತಲೀನೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಆರ್ಗ್ಯಾನಿಕ್ಕೇ ಕಣಮ್ಮ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಪೊಟ್ಟಣದ ಮೇಲಿದ್ದ ವಿಳಾಸಕ್ಕೆ ಮೇಲ್ ಹಾಕಿದ್ದೀನಿ. ನಿಮ್ಮ ಆಫೀಸಿನಲ್ಲೂ ಇಂಥ ಟೇಬಲ್ ಬಂದರೆ ನೀವೂ ಹಾಕಿ.

ಊರಲ್ಲಿ ಆ ಆರು ಚೀಲ ಇನ್ನೂ ಕೊಟ್ಟಿಗೆಯ ಮೂಲೆಯಲ್ಲಿವೆ. ಇದ್ದಿಲನ್ನ ಬಿಸಿಲಿಗೆ ಹರಡಿ ಗಾಳಿಯಾಡಿಸಿದರೆ ನಾಫ್ತಲೀನ್ ಥರದ ಹಗುರದವು ಹಾರಿಹೋಗುತ್ತವೆ, ಭಾರದವು ಹೋಗಲ್ಲ. ಅದಕ್ಕೇ ಹೊಲಕ್ಕೆ ಹಾಕ್ಬೇಡ ಅಂದಿದ್ದೀನಿ. ಒಲೆಗೆ ಹಾಕಿದರೆ ಚಿಗವ್ವ ಆ ಹೊಗೆ ಕುಡೀತಾಳೆ. ಕೆರೆಗೆ ಸುರಿಯೋ ಹಾಗಿಲ್ಲ. ಕೊಟ್ಟವರಿಗೆ ಫೋನ್ ಮಾಡಿದರೆ, ಆ್ಯಪಿನಲ್ಲಿ ಅದು ಆಗಲೇ ‘ಮಣ್ಣಿಗೆ ಸೇರಿದೆ’ ಅಂತ ದಾಖಲಾಗಿದೆ ಅಂತಾರೆ. ಹೋದ ವಾರ ಚಿಕ್ಕಪ್ಪ ಫೋನಿನಲ್ಲಿ ಮತ್ತೆ ಕೇಳಿದ. ‘ಮೊಗ, ನೀನು ಕಂಪ್ಯೂಟರ್ ಓದಿದೋನು. ಇದ ಎಲ್ಲಿಗೆ ಹಾಕ್ಲಿ ಹೇಳು.’